ನಿಧಾನ ಉಸಿರಾಟದ ಪ್ರಾಣಾಯಾಮ ಮತ್ತು ದೀರ್ಘಾಯುಷ್ಯ

ನಿಧಾನ ಉಸಿರಾಟದ ಪ್ರಾಣಾಯಾಮ ಎಂದರೆ ಉಸಿರನ್ನು ಒಳಗೆಳೆದುಕೊಳ್ಳುವ, ತಡೆದು ನಿಲ್ಲಿಸುವ ಮತ್ತು ಹೊರಬಿಡುವ ಕ್ರಿಯೆಗಳನ್ನು ಪ್ರಜ್ಞಾಪೂರ್ವಕವಾಗಿ ನೀಳಗೊಳಿಸಿ, ನಿಮಿಷಕ್ಕೆ ನಡೆಯುವ ಉಸಿರಾಟಗಳ ಸಂಖ್ಯೆಯನ್ನು ತಗ್ಗಿಸುವ ಯೋಗಾಭ್ಯಾಸಗಳ ಗುಂಪು. ನಾಡೀಶೋಧನ, ಉಜ್ಜಾಯಿ, ಭ್ರಾಮರಿ, ಶೀತಲಿ, ಚಂದ್ರಭೇದನ ಮೊದಲಾದವು ಈ ಗುಂಪಿಗೆ ಸೇರುತ್ತವೆ. ವಿಶ್ರಾಂತ ಸ್ಥಿತಿಯಲ್ಲಿರುವ ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಈ ಅಭ್ಯಾಸಗಳಲ್ಲಿ ಆ ಸಂಖ್ಯೆ 6ರ ಆಸುಪಾಸಿಗೆ, ಪಳಗಿದ ಸಾಧಕರಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ.

ಉಸಿರು ನಿಧಾನವಾದಷ್ಟೂ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆ ಭಾರತೀಯ ಯೋಗ ಪರಂಪರೆಯಲ್ಲಿ ಬಹಳ ಹಿಂದಿನಿಂದಲೂ ಇದೆ. ಹಠಯೋಗದ ಗ್ರಂಥಗಳು ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸುತ್ತವೆ. ರಕ್ತದೊತ್ತಡ, ಹೃದಯದ ಲಯ ಹಾಗೂ ನರವ್ಯೂಹದ ಮೇಲೆ ನಿಧಾನ ಉಸಿರಾಟವು ಬೀರುವ ಅಲ್ಪಾವಧಿಯ ಪರಿಣಾಮಗಳನ್ನು ಆಧುನಿಕ ವೈದ್ಯಕೀಯ ಅಧ್ಯಯನಗಳು ದಾಖಲಿಸಿವೆ. ಆದರೆ ಪ್ರಾಣಾಯಾಮದಿಂದಲೇ ಮನುಷ್ಯನ ಆಯುಷ್ಯ ಇಷ್ಟು ವರ್ಷ ಹೆಚ್ಚುತ್ತದೆ ಎಂಬುದು ದೀರ್ಘಕಾಲದ ನಿಯಂತ್ರಿತ ಪ್ರಯೋಗಗಳಿಂದ ಸಿದ್ಧಪಟ್ಟಿಲ್ಲ. ಈ ವಿಷಯದಲ್ಲಿ ಪರಂಪರೆಯ ಹೇಳಿಕೆ, ಅಳತೆಗೆ ಸಿಕ್ಕಿರುವ ಪರಿಣಾಮ ಮತ್ತು ಅವುಗಳಿಂದ ಮಾಡಿಕೊಂಡ ಊಹೆ ಎಂಬ ಮೂರನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ.

ಪದನಿಷ್ಪತ್ತಿ

ಪ್ರಾಣ ಮತ್ತು ಆಯಾಮ ಎಂಬ ಎರಡು ಸಂಸ್ಕೃತ ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ‘ಪ್ರಾಣಾಯಾಮ’ ಎಂಬ ಪದವಾಗಿದೆ. ‘ಪ್ರಾಣ’ಕ್ಕೆ ಉಸಿರು, ಜೀವಶಕ್ತಿ ಎಂಬ ಅರ್ಥಗಳಿವೆ. ‘ಆಯಾಮ’ ಎಂಬುದಕ್ಕೆ ತಡೆ, ನಿಯಮನ ಎಂಬ ಅರ್ಥಗಳಿರುವಂತೆಯೇ ಉದ್ದ, ವಿಸ್ತಾರ, ಹಿಗ್ಗಿಸುವಿಕೆ ಎಂಬ ಅರ್ಥಗಳೂ ಇವೆ. ಆದುದರಿಂದ ಉಸಿರನ್ನು ಹಿಡಿದಿಡುವುದು ಮಾತ್ರವಲ್ಲದೆ ಅದನ್ನು ನೀಳಗೊಳಿಸುವುದೂ ಈ ಪದದ ಅರ್ಥವ್ಯಾಪ್ತಿಯಲ್ಲಿದೆ.

ಉಸಿರನ್ನು ಒಳಗೆ ತುಂಬಿಕೊಳ್ಳುವುದನ್ನು ಪೂರಕ, ಹೊರಬಿಡುವುದನ್ನು ರೇಚಕ, ತಡೆದು ನಿಲ್ಲಿಸುವುದನ್ನು ಕುಂಭಕ ಎನ್ನುತ್ತಾರೆ. ತುಂಬಿದ ಕೊಡದಲ್ಲಿ ನೀರು ಅಲುಗಾಡದೆ ನಿಲ್ಲುವಂತೆ ಗಾಳಿಯು ಒಳಗೆ ನಿಲ್ಲುವುದರಿಂದ ಕುಂಭಕ ಎಂಬ ಹೆಸರು. ಉಸಿರನ್ನು ತುಂಬಿಕೊಂಡು ತಡೆಯುವುದು ಅಂತಃಕುಂಭಕ; ಪೂರ್ತಿ ಹೊರಬಿಟ್ಟು ತಡೆಯುವುದು ಬಾಹ್ಯ ಕುಂಭಕ. ಪೂರಕ, ರೇಚಕಗಳ ಆಶ್ರಯವಿಲ್ಲದೆ ತಾನಾಗಿ ಉಸಿರು ನಿಂತಂತಾಗುವ ಸ್ಥಿತಿಗೆ ಕೇವಲ ಕುಂಭಕ ಎಂದು ಹೆಸರು.

ಕನ್ನಡದ ‘ಉಸಿರು’ ಎಂಬ ಪದವೂ ಗಾಳಿ ಮತ್ತು ಜೀವ ಎರಡನ್ನೂ ಸೂಚಿಸುತ್ತದೆ. ‘ಉಸಿರಿರುವ ತನಕ’ ಎಂದರೆ ಬದುಕಿರುವವರೆಗೆ ಎಂದೂ, ‘ಕೊನೆಯುಸಿರೆಳೆದರು’ ಎಂದರೆ ತೀರಿಕೊಂಡರು ಎಂದೂ ಅರ್ಥ. ಆಯಾಸ ಮತ್ತು ಅಂಜಿಕೆಯ ಉಸಿರು ‘ಏದುಸಿರು’. ನೀಳವಾಗಿ ಹೊರಬರುವ ಉಸಿರು ‘ನಿಟ್ಟುಸಿರು’. ಉಸಿರಿನ ವೇಗಕ್ಕೂ ಮನಸ್ಸಿನ ಸ್ಥಿತಿಗೂ ಇರುವ ನಂಟನ್ನು ಜನಬಳಕೆಯ ಮಾತೇ ಗುರುತಿಸಿದೆ.

ಪ್ರಾಚೀನ ಗ್ರಂಥಗಳಲ್ಲಿ

ಉಪನಿಷತ್ತುಗಳು

ಛಾಂದೋಗ್ಯ ಮತ್ತು ಬೃಹದಾರಣ್ಯಕ ಉಪನಿಷತ್ತುಗಳಲ್ಲಿ ಇಂದ್ರಿಯಗಳ ಜಗಳದ ಕಥೆಯೊಂದು ಬರುತ್ತದೆ. ತಮ್ಮಲ್ಲಿ ಯಾರು ಹೆಚ್ಚು ಎಂದು ಮಾತು, ಕಣ್ಣು, ಕಿವಿ, ಮನಸ್ಸುಗಳು ವಾದಿಸಿ ಒಂದೊಂದಾಗಿ ದೇಹವನ್ನು ಬಿಟ್ಟು ಹೋಗಿ ನೋಡುತ್ತವೆ. ದೇಹವು ಹೇಗೋ ಬದುಕಿರುತ್ತದೆ. ಕೊನೆಗೆ ಪ್ರಾಣವು ಹೊರಡಲು ಅಣಿಯಾದಾಗ ಉಳಿದ ಇಂದ್ರಿಯಗಳೆಲ್ಲ ಬುಡಸಮೇತ ಕಿತ್ತುಬರತೊಡಗುತ್ತವೆ. ಆಗ ಅವು ಪ್ರಾಣದ ಹಿರಿಮೆಯನ್ನು ಒಪ್ಪುತ್ತವೆ. ಕೌಷೀತಕಿ ಉಪನಿಷತ್ತು ಪ್ರಾಣವನ್ನೇ ಆಯುಷ್ಯವೆಂದು ಕರೆದು, ದೇಹದಲ್ಲಿ ಪ್ರಾಣವಿರುವಷ್ಟು ಕಾಲವೇ ಆಯುಷ್ಯವೆನ್ನುತ್ತದೆ. ಆದರೆ ಉಸಿರನ್ನು ನಿಧಾನಗೊಳಿಸಿ ಆಯುಷ್ಯವನ್ನು ಹೆಚ್ಚಿಸುವ ವಿಧಾನವನ್ನು ಈ ಕಥನಗಳು ಹೇಳುವುದಿಲ್ಲ. ಅಂತಹ ವಿಧಾನ ಸ್ಪಷ್ಟವಾಗುವುದು ನಂತರದ ಗ್ರಂಥಗಳಲ್ಲಿ.

ಪತಂಜಲಿಯ ಯೋಗಸೂತ್ರ

ಅಷ್ಟಾಂಗ ಯೋಗದಲ್ಲಿ ಪ್ರಾಣಾಯಾಮವು ಯಮ, ನಿಯಮ ಮತ್ತು ಆಸನಗಳ ನಂತರ ಬರುವ ನಾಲ್ಕನೆಯ ಅಂಗ. ಯೋಗಸೂತ್ರದ ಸಾಧನಪಾದದಲ್ಲಿ 49ರಿಂದ 53ರವರೆಗಿನ ಸೂತ್ರಗಳು ಇದಕ್ಕೆ ಮೀಸಲಾಗಿವೆ. ಆಸನವು ಸ್ಥಿರವಾದ ಮೇಲೆ ಶ್ವಾಸ ಪ್ರಶ್ವಾಸಗಳ ಗತಿಯನ್ನು ತಡೆಯುವುದೇ ಪ್ರಾಣಾಯಾಮವೆಂದೂ, ಅದನ್ನು ಸ್ಥಾನ, ಕಾಲ ಮತ್ತು ಸಂಖ್ಯೆಗಳಿಂದ ಅಳೆಯಬಹುದೆಂದೂ, ಅಭ್ಯಾಸದಿಂದ ಉಸಿರು ದೀರ್ಘವೂ ಸೂಕ್ಷ್ಮವೂ ಆಗುತ್ತದೆಂದೂ ಅಲ್ಲಿ ಹೇಳಿದೆ. ಪತಂಜಲಿಯು ಪ್ರಾಣಾಯಾಮಕ್ಕೆ ಹೇಳುವ ಫಲವು ಆಯುಷ್ಯವಲ್ಲ ಎಂಬುದು ಗಮನಾರ್ಹ. ಒಳಗಿನ ಬೆಳಕನ್ನು ಮುಚ್ಚಿರುವ ತೆರೆಯು ಕ್ಷೀಣಿಸುವುದು ಮತ್ತು ಮನಸ್ಸು ಧಾರಣೆಗೆ ಯೋಗ್ಯವಾಗುವುದು, ಇವೆರಡೇ ಅಲ್ಲಿ ಹೇಳಿರುವ ಫಲಗಳು.

ಹಠಯೋಗದ ಗ್ರಂಥಗಳು

ಹದಿನೈದನೆಯ ಶತಮಾನದ್ದೆಂದು ಎಣಿಸಲಾಗುವ, ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯ ಎರಡನೆಯ ಉಪದೇಶವು ಪ್ರಾಣಾಯಾಮವನ್ನು ವಿವರಿಸುತ್ತದೆ. ಸೂರ್ಯಭೇದನ, ಉಜ್ಜಾಯಿ, ಸೀತ್ಕಾರಿ, ಶೀತಲಿ, ಭಸ್ತ್ರಿಕಾ, ಭ್ರಾಮರಿ, ಮೂರ್ಛಾ ಮತ್ತು ಪ್ಲಾವಿನಿ ಎಂಬ ಎಂಟು ಕುಂಭಕಗಳನ್ನು ಅಲ್ಲಿ ಹೆಸರಿಸಲಾಗಿದೆ. ಗಾಳಿಯು ದೇಹದಲ್ಲಿರುವ ತನಕ ಜೀವನ, ಅದು ಹೊರಟುಹೋಗುವುದೇ ಮರಣ. ಆದ್ದರಿಂದ ಅದನ್ನು ನಿಯಂತ್ರಿಸಬೇಕು ಎಂಬುದು ಈ ಗ್ರಂಥದ ತರ್ಕ. ಅದೇ ಗ್ರಂಥವು ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವಂತೆ ಉಸಿರನ್ನೂ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಎಚ್ಚರಿಸುತ್ತದೆ. ತಪ್ಪಾದ ಅಭ್ಯಾಸದಿಂದ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ, ಕಿವಿ ಮತ್ತು ಕಣ್ಣುಗಳ ನೋವು ಬರುತ್ತವೆಂದೂ ಹೇಳುತ್ತದೆ.

ಘೇರಂಡ ಸಂಹಿತೆಯು ಉಸಿರು ಮತ್ತು ಆಯುಷ್ಯದ ಸಂಬಂಧವನ್ನು ಅಳತೆಯ ರೂಪದಲ್ಲಿ ನೀಡುತ್ತದೆ. ಅದರ ಐದನೆಯ ಉಪದೇಶದ ಪ್ರಕಾರ ಹೊರಬರುವ ಉಸಿರಿನ ಸಹಜ ನೀಳ 12 ಅಂಗುಲ. ಹಾಡುವಾಗ ಅದು 16, ಉಣ್ಣುವಾಗ 20, ನಡೆಯುವಾಗ 24, ನಿದ್ರೆಯಲ್ಲಿ 30, ಸಂಭೋಗದಲ್ಲಿ 36 ಅಂಗುಲವಾಗುತ್ತದೆ. ವ್ಯಾಯಾಮದಲ್ಲಿ ಅದಕ್ಕಿಂತಲೂ ಹೆಚ್ಚು. ಈ ನೀಳವು 12 ಅಂಗುಲಕ್ಕಿಂತ ಕಡಿಮೆಯಾದರೆ ಆಯುಷ್ಯ ವೃದ್ಧಿಸುತ್ತದೆ, ಹೆಚ್ಚಾದರೆ ಕುಗ್ಗುತ್ತದೆ ಎಂಬುದು ಅಲ್ಲಿಯ ಸಿದ್ಧಾಂತ. ಉಸಿರನ್ನು ಉಳಿತಾಯದ ಹಣದಂತೆ ಕಾಣುವ ಜನಪ್ರಿಯ ಕಲ್ಪನೆಗೆ ಇಂತಹ ಹೇಳಿಕೆಗಳೇ ಬುನಾದಿ.

ದಿನಕ್ಕೆ 21,600 ಉಸಿರು

ಮನುಷ್ಯನು ಒಂದು ಹಗಲು ಮತ್ತು ಒಂದು ರಾತ್ರಿಯಲ್ಲಿ 21,600 ಬಾರಿ ಉಸಿರಾಡುತ್ತಾನೆ ಎಂದು ಘೇರಂಡ ಸಂಹಿತೆ ಹಾಗೂ ಹಲವು ಯೋಗೋಪನಿಷತ್ತುಗಳು ಹೇಳುತ್ತವೆ. ಹೊರಹೋಗುವಾಗ ‘ಹ’ಕಾರ, ಒಳಬರುವಾಗ ‘ಸ’ಕಾರ ಧ್ವನಿಸುವುದರಿಂದ ಪ್ರತಿಯೊಂದು ಉಸಿರೂ ‘ಹಂಸ’ ಮಂತ್ರದ ಜಪವೆಂದು ಭಾವಿಸಿ, ಜಪಿಸದೆಯೂ ನಡೆಯುವ ಈ ಜಪಕ್ಕೆ ಅಜಪಾ ಗಾಯತ್ರಿ ಎಂದು ಹೆಸರಿಡಲಾಗಿದೆ.

24 ಗಂಟೆಗಳಿಗೆ 21,600 ಎಂದರೆ ಗಂಟೆಗೆ 900, ನಿಮಿಷಕ್ಕೆ 15 ಉಸಿರು. ಆಧುನಿಕ ವೈದ್ಯಶಾಸ್ತ್ರವು ಹೇಳುವ 12ರಿಂದ 20ರ ಮಿತಿಯೊಳಗೆ ಇದು ಸರಿಯಾಗಿ ಕೂಡುತ್ತದೆ. ಈ ಸಂಖ್ಯೆಗೆ ಪ್ರಾಚೀನ ಕಾಲಗಣನೆಯೊಂದಿಗೂ ಸಂಬಂಧವಿದೆ. ಸೂರ್ಯಸಿದ್ಧಾಂತದಲ್ಲಿ ‘ಪ್ರಾಣ’ ಎಂಬುದು ಕಾಲದ ಒಂದು ಅಳತೆ. 6 ಪ್ರಾಣಗಳಿಗೆ ಒಂದು ವಿನಾಡಿ, 60 ವಿನಾಡಿಗಳಿಗೆ ಒಂದು ನಾಡಿ ಅಥವಾ ಘಳಿಗೆ, 60 ಘಳಿಗೆಗಳಿಗೆ ಒಂದು ದಿನ. 6, 60 ಮತ್ತು 60ನ್ನು ಗುಣಿಸಿದರೆ 21,600 ದೊರೆಯುತ್ತದೆ. ವೃತ್ತವೊಂದರ 360 ಅಂಶಗಳನ್ನು ತಲಾ 60 ಕಲೆಗಳಾಗಿ ವಿಭಾಗಿಸಿದಾಗ ಬರುವ ಸಂಖ್ಯೆಯೂ ಇದೇ. ಹೀಗಾಗಿ ಒಂದು ಪ್ರಾಣವೆಂದರೆ ಇಂದಿನ ನಾಲ್ಕು ಸೆಕೆಂಡು. ಅಷ್ಟರಲ್ಲಿ ನಕ್ಷತ್ರಚಕ್ರವು ಒಂದು ಕಲೆಯಷ್ಟು ತಿರುಗುತ್ತದೆ. ಈ ಸಂಖ್ಯೆಯು ಮನುಷ್ಯನ ಉಸಿರನ್ನು ಆಕಾಶದ ಚಲನೆಯೊಂದಿಗೆ ಹೊಂದಿಸುವ ಒಂದು ದುಂಡು ಲೆಕ್ಕ. ಪ್ರತಿಯೊಬ್ಬರ ಉಸಿರೂ ದಿನಕ್ಕೆ ಅಷ್ಟೇ ಇರಬೇಕೆಂದು ಇದರಿಂದ ತಿಳಿಯಬಾರದು. ನವಜಾತ ಶಿಶುವು ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುತ್ತದೆ. ಜ್ವರ, ಭಯ, ಶ್ರಮಗಳಲ್ಲಿ ದೊಡ್ಡವರ ಉಸಿರೂ ಏರುತ್ತದೆ.

ಪ್ರಮುಖ ವಿಧಾನಗಳು

ನಾಡೀಶೋಧನ: ಬಲಗೈಯ ಹೆಬ್ಬೆರಳಿನಿಂದ ಬಲಹೊಳ್ಳೆಯನ್ನು ಮುಚ್ಚಿ ಎಡಹೊಳ್ಳೆಯಿಂದ ಉಸಿರೆಳೆದು, ನಂತರ ಉಂಗುರ ಬೆರಳಿನಿಂದ ಎಡಹೊಳ್ಳೆಯನ್ನು ಮುಚ್ಚಿ ಬಲಹೊಳ್ಳೆಯಿಂದ ಬಿಡುವುದು, ಮತ್ತೆ ಬಲದಿಂದ ಎಳೆದು ಎಡದಿಂದ ಬಿಡುವುದು. ಇದು ಒಂದು ಆವೃತ್ತಿ. ಪೂರಕ, ಕುಂಭಕ, ರೇಚಕಗಳ ನಡುವೆ 1:4:2ರ ಪ್ರಮಾಣವನ್ನು ಪರಂಪರೆಯು ಹೇಳುತ್ತದೆ. ಆರಂಭದಲ್ಲಿ ಕುಂಭಕವನ್ನು ಬಿಟ್ಟು, ಎಳೆಯುವುದಕ್ಕಿಂತ ಬಿಡುವುದನ್ನು ಹೆಚ್ಚು ನೀಳವಾಗಿಸುವುದು ರೂಢಿ.

ಉಜ್ಜಾಯಿ: ಗಂಟಲನ್ನು ತುಸು ಬಿಗಿಹಿಡಿದು, ಮೆಲುವಾದ ಘರ್ಷಣೆಯ ಸದ್ದು ಬರುವಂತೆ ಮೂಗಿನಿಂದ ಉಸಿರಾಡುವುದು. ದಾರಿ ಕಿರಿದಾಗುವುದರಿಂದ ಉಸಿರು ತಾನಾಗಿ ನಿಧಾನವಾಗುತ್ತದೆ.

ಭ್ರಾಮರಿ: ನೀಳವಾಗಿ ಉಸಿರೆಳೆದು, ಬಿಡುವಾಗ ಬಾಯಿ ಮುಚ್ಚಿ ದುಂಬಿಯಂತೆ ಝೇಂಕರಿಸುವುದು. ನಾದವಿರುವಷ್ಟು ಹೊತ್ತೂ ರೇಚಕ ನಡೆಯುವುದರಿಂದ, ಎಣಿಕೆಯ ಗೊಡವೆಯಿಲ್ಲದೆ ಉಸಿರು ನೀಳವಾಗುತ್ತದೆ.

ಶೀತಲಿ: ನಾಲಿಗೆಯನ್ನು ಕೊಳವೆಯಂತೆ ಸುರುಳಿ ಮಾಡಿ ಅದರ ಮೂಲಕ ಉಸಿರನ್ನು ಎಳೆದುಕೊಂಡು ಮೂಗಿನಿಂದ ಬಿಡುವುದು. ನಾಲಿಗೆಯನ್ನು ಮಡಿಸಲಾಗದವರು ಹಲ್ಲುಗಳ ಸಂದಿನಿಂದ ಎಳೆದುಕೊಳ್ಳುವ ಸೀತ್ಕಾರಿಯನ್ನು ಮಾಡುತ್ತಾರೆ.

ಚಂದ್ರಭೇದನ: ಎಡಹೊಳ್ಳೆಯಿಂದ ಎಳೆದು ಬಲಹೊಳ್ಳೆಯಿಂದ ಬಿಡುವುದು.

ಭಸ್ತ್ರಿಕಾ ಮತ್ತು ಕಪಾಲಭಾತಿಗಳು ವೇಗದ ಉಸಿರಾಟದ ಕ್ರಿಯೆಗಳು. ಕಪಾಲಭಾತಿಯನ್ನು ಹಠಯೋಗ ಪ್ರದೀಪಿಕೆಯು ಪ್ರಾಣಾಯಾಮವೆಂದಲ್ಲ, ಷಟ್ಕರ್ಮಗಳೆಂಬ ಶುದ್ಧಿಕ್ರಿಯೆಗಳಲ್ಲಿ ಒಂದೆಂದು ಹೇಳಿದೆ. ನಿಧಾನ ಉಸಿರಾಟದ ಬಗ್ಗೆ ಹೇಳುವ ಪರಿಣಾಮಗಳನ್ನು ಇವುಗಳಿಗೆ ಅನ್ವಯಿಸಲಾಗದು. ಸಂಧ್ಯಾವಂದನೆಯ ಭಾಗವಾಗಿ ಮಂತ್ರದೊಂದಿಗೆ ಮಾಡುವ ಪ್ರಾಣಾಯಾಮವೂ ಉಸಿರನ್ನು ನೀಳಗೊಳಿಸುವ ಒಂದು ರೂಢಿಯೇ. ಅಲ್ಲಿ ಮಂತ್ರದ ಉದ್ದವೇ ಕಾಲದ ಅಳತೆ.

ದೇಹದಲ್ಲಿ ನಡೆಯುವ ಕ್ರಿಯೆ

ಶ್ವಾಸಕೋಶದ ಲೆಕ್ಕ

ಸಾಮಾನ್ಯ ಉಸಿರೊಂದರಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಬರುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು ಮತ್ತು ಶ್ವಾಸನಾಳಗಳಲ್ಲೇ ಉಳಿದು ರಕ್ತದ ಸಂಪರ್ಕಕ್ಕೆ ಬಾರದೆ ಹಿಂದಿರುಗುತ್ತದೆ. ನಿಮಿಷಕ್ಕೆ 15 ಉಸಿರಾದರೆ ಒಟ್ಟು 7,500 ಮಿಲಿಲೀಟರ್ ಗಾಳಿಯಲ್ಲಿ 5,250 ಮಿಲಿಲೀಟರ್ ಮಾತ್ರ ವಾಯುಕೋಶಗಳನ್ನು ಮುಟ್ಟುತ್ತದೆ. ಅದೇ 7,500 ಮಿಲಿಲೀಟರನ್ನು 6 ನೀಳವಾದ ಉಸಿರುಗಳಲ್ಲಿ ತೆಗೆದುಕೊಂಡರೆ ಪ್ರತಿ ಉಸಿರಿಗೆ 1,250 ಮಿಲಿಲೀಟರಿನಂತೆ, 6,600 ಮಿಲಿಲೀಟರ್ ವಾಯುಕೋಶಗಳನ್ನು ತಲುಪುತ್ತದೆ. ನಿಧಾನ ಉಸಿರಾಟವೆಂದರೆ ಗಾಳಿಯನ್ನು ಕಡಿಮೆ ಸೇವಿಸುವುದಲ್ಲ. ಅಷ್ಟೇ ಗಾಳಿಯನ್ನು ಹೆಚ್ಚು ಸಮರ್ಥವಾಗಿ ಬಳಸುವುದು.

ಹೃದಯ ಮತ್ತು ನರವ್ಯೂಹ

ಉಸಿರನ್ನು ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಬಿಡುವಾಗ ತಗ್ಗುತ್ತದೆ. ಮಣಿಕಟ್ಟಿನ ನಾಡಿಯನ್ನು ಹಿಡಿದು ನಿಧಾನವಾಗಿ ಉಸಿರಾಡಿದರೆ ಅನೇಕರಿಗೆ ಇದು ಸ್ವತಃ ಅನುಭವಕ್ಕೆ ಬರುತ್ತದೆ. ರೇಚಕದ ಹೊತ್ತಿನಲ್ಲಿ ವೇಗಸ್ ನರದ ಪ್ರಭಾವ ಹೆಚ್ಚುವುದು ಇದಕ್ಕೆ ಮುಖ್ಯ ಕಾರಣ. ದೇಹವನ್ನು ವಿಶ್ರಾಂತಿಯ ಕಡೆಗೆ ಒಯ್ಯುವ ಪರಾನುವೇದನಾ ನರವ್ಯೂಹದ ಪ್ರಮುಖ ನರವಿದು. ರೇಚಕವನ್ನು ನೀಳಗೊಳಿಸಬೇಕೆಂಬ ಯೋಗದ ಸಲಹೆಗೆ ಇಲ್ಲಿ ಒಂದು ಶಾರೀರಿಕ ಆಧಾರ ದೊರೆಯುತ್ತದೆ.

ಕತ್ತಿನ ಮತ್ತು ಎದೆಯ ದೊಡ್ಡ ಅಪಧಮನಿಗಳ ಗೋಡೆಯಲ್ಲಿ ರಕ್ತದೊತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿದಾಗ ಇವು ಮಿದುಳಿಗೆ ಸೂಚನೆ ಕಳುಹಿಸಿ, ಹೃದಯದ ಬಡಿತವನ್ನು ತಗ್ಗಿಸಿ, ರಕ್ತನಾಳಗಳನ್ನು ಸಡಿಲಿಸುತ್ತವೆ. ಬ್ಯಾರೋರಿಫ್ಲೆಕ್ಸ್ ಎಂದು ಕರೆಯಲಾಗುವ ಈ ಪ್ರತಿವರ್ತನಕ್ಕೆ ಸುಮಾರು ಹತ್ತು ಸೆಕೆಂಡುಗಳ ಒಂದು ಸಹಜ ಲಯವಿದೆ. ನಿಮಿಷಕ್ಕೆ 6 ಬಾರಿ ಉಸಿರಾಡಿದಾಗ ಪ್ರತಿ ಉಸಿರೂ ಹತ್ತು ಸೆಕೆಂಡಿನದಾಗಿ, ಎರಡು ಲಯಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಅದು ಹೆಚ್ಚು ತೂಗುವಂತೆ, ಈ ವೇಗದಲ್ಲಿ ಹೃದಯದ ಬಡಿತದ ಏರಿಳಿತ ಅತಿ ಹೆಚ್ಚಾಗುತ್ತದೆ.

ಉಸಿರಾಟದ ಲಯವನ್ನು ನಿರ್ಧರಿಸುವ ನರಕೋಶಗಳು ಮಿದುಳಿನ ಬುಡದಲ್ಲಿವೆ. ಅಲ್ಲಿಯ ನರಕೋಶಗಳ ಒಂದು ಉಪಗುಂಪು ಎಚ್ಚರ ಮತ್ತು ಉದ್ವೇಗಗಳನ್ನು ನಿಯಂತ್ರಿಸುವ ಕೇಂದ್ರದೊಂದಿಗೆ ನೇರ ಸಂಪರ್ಕ ಹೊಂದಿರುವುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇಲಿಗಳಲ್ಲಿ ತೋರಿಸಿದರು. ಮೂಗಿನಲ್ಲಿ ನಾದ ಮಾಡುತ್ತ ಉಸಿರು ಬಿಟ್ಟಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಅನಿಲದ ಪ್ರಮಾಣವು ನಿಶ್ಶಬ್ದ ರೇಚಕಕ್ಕಿಂತ ಸುಮಾರು 15 ಪಟ್ಟು ಹೆಚ್ಚುವುದನ್ನು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ವರದಿ ಮಾಡಿದರು. ಭ್ರಾಮರಿಯ ಚರ್ಚೆಯಲ್ಲಿ ಈ ಅಧ್ಯಯನವನ್ನು ಆಗಾಗ ಉಲ್ಲೇಖಿಸಲಾಗುತ್ತದೆ.

ವೈಜ್ಞಾನಿಕ ಅಧ್ಯಯನದ ಇತಿಹಾಸ

ಸ್ವಾಮಿ ಕುವಲಯಾನಂದರು 1924ರಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ‘ಯೋಗ ಮೀಮಾಂಸಾ’ ಪತ್ರಿಕೆಯನ್ನು ಆರಂಭಿಸಿದರು. ಯೋಗಕ್ರಿಯೆಗಳನ್ನು ಪ್ರಯೋಗಾಲಯದ ಉಪಕರಣಗಳಿಂದ ಅಳೆಯುವ ವ್ಯವಸ್ಥಿತ ಪ್ರಯತ್ನ ಇಲ್ಲಿಂದ ಮೊದಲಾಯಿತೆನ್ನಬಹುದು.

ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರೊಸ್ 1935ರಲ್ಲಿ ಭಾರತಕ್ಕೆ ಬಂದು ಯೋಗಸಾಧಕರ ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರು. ಸಾಧಕರು ಇಚ್ಛೆಯಿಂದ ಹೃದಯವನ್ನು ನಿಲ್ಲಿಸಬಲ್ಲರೆಂಬ ನಂಬಿಕೆಗೆ ಆ ದಾಖಲೆಗಳು ಇಂಬು ನೀಡಿದವು. ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು 1961ರಲ್ಲಿ ಪ್ರಕಟಿಸಿದ ಮರುಪರೀಕ್ಷೆಯು ಬೇರೆ ಚಿತ್ರವನ್ನು ನೀಡಿತು. ಉಸಿರು ಕಟ್ಟಿ ಎದೆಯ ಸ್ನಾಯುಗಳನ್ನು ಬಿಗಿಹಿಡಿದಾಗ ಮಣಿಕಟ್ಟಿನ ನಾಡಿ ಸಿಗದಂತಾಗುತ್ತಿತ್ತು. ಹೃದಯವು ಮಾತ್ರ ಬಡಿಯುತ್ತಲೇ ಇತ್ತು. ಅದೇ ಕಾಲದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಕುಳಿತ ಯೋಗಿಯೊಬ್ಬರ ಆಮ್ಲಜನಕದ ಬಳಕೆ ಗಮನಾರ್ಹವಾಗಿ ಇಳಿದುದು ದಾಖಲಾಯಿತು. ಹೀಗೆ ಒಂದು ಹೇಳಿಕೆ ಬಿದ್ದುಹೋದರೆ ಇನ್ನೊಂದು ಪುಷ್ಟಿ ಪಡೆಯಿತು.

ಇಟಲಿಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ವ್ಯಾಪಕವಾಗಿ ಗಮನ ಸೆಳೆಯಿತು. 23 ಮಂದಿ ಆರೋಗ್ಯವಂತರು ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವೊಂದನ್ನೂ ಪಠಿಸಿದಾಗ ಎರಡರಲ್ಲೂ ಉಸಿರಾಟವು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಬ್ಯಾರೋರಿಫ್ಲೆಕ್ಸಿನ ಸಂವೇದನೆ ಹೆಚ್ಚಿತು. ದೇಶ, ಧರ್ಮಗಳು ಬೇರೆಯಾದರೂ ಪ್ರಾರ್ಥನೆಯ ಲಯ ಒಂದೇ ಆಗಿತ್ತು. ಅದೇ ತಂಡವು ಹೃದಯ ವೈಫಲ್ಯದ ರೋಗಿಗಳಲ್ಲಿಯೂ ನಿಧಾನ ಉಸಿರಾಟದಿಂದ ಈ ಸಂವೇದನೆ ಉತ್ತಮಗೊಳ್ಳುವುದನ್ನು 2002ರಲ್ಲಿ ವರದಿ ಮಾಡಿತು. ಅಧಿಕ ರಕ್ತದೊತ್ತಡವಿದ್ದವರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ನಿಮಿಷಕ್ಕೆ 6ರಂತೆ ಉಸಿರಾಡುವಷ್ಟು ಹೊತ್ತು ಮೇಲಿನ ಒತ್ತಡವು ಸುಮಾರು 150ರಿಂದ 141ಕ್ಕೆ ಇಳಿದಿತ್ತು.

ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. ಉಸಿರನ್ನು ನಿಧಾನಗೊಳಿಸಲು ನಾದದ ಮೂಲಕ ಸೂಚನೆ ನೀಡುವ ಯಂತ್ರವನ್ನು ನೆದರ್‌ಲೆಂಡ್ಸ್‌ನಲ್ಲಿ ಮಧುಮೇಹ ಮತ್ತು ಅಧಿಕ ರಕ್ತದೊತ್ತಡವಿದ್ದವರಿಗೆ ನೀಡಿ, ಇನ್ನೊಂದು ಗುಂಪಿಗೆ ಕೇವಲ ಸಂಗೀತ ಕೇಳಿಸಲಾಯಿತು. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಯಂತ್ರದಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಹೃದಯ ಸಂಘವು ಯಂತ್ರದ ನೆರವಿನ ನಿಧಾನ ಉಸಿರಾಟವನ್ನು ಔಷಧ ಮತ್ತು ಪಥ್ಯಗಳ ಜೊತೆಗೆ ಬಳಸಬಹುದೆಂಬ ಶಿಫಾರಸನ್ನು ನೀಡಿತು.

ದೀರ್ಘಾಯುಷ್ಯದೊಂದಿಗೆ ಸಂಬಂಧ

ಉಸಿರಿನ ಪಾಲಿನ ವಾದ

ಪ್ರತಿಯೊಂದು ಜೀವಿಗೂ ಇಂತಿಷ್ಟೇ ಉಸಿರುಗಳು ನಿಗದಿಯಾಗಿವೆ, ಅವನ್ನು ನಿಧಾನವಾಗಿ ವ್ಯಯಿಸಿದರೆ ಹೆಚ್ಚು ಕಾಲ ಬದುಕಬಹುದು ಎಂಬುದು ಜನಪ್ರಿಯ ವಾದ. ನಿಧಾನವಾಗಿ ಉಸಿರಾಡುವ ಆಮೆಯು ನೂರಾರು ವರ್ಷ ಬದುಕುತ್ತದೆ, ಏದುಸಿರು ಬಿಡುವ ನಾಯಿ ಹತ್ತು ಹದಿನೈದು ವರ್ಷಗಳಲ್ಲಿ ಸಾಯುತ್ತದೆ ಎಂಬ ಉದಾಹರಣೆಯನ್ನು ಇದಕ್ಕೆ ಕೊಡುವುದುಂಟು. ಪಾಶ್ಚಾತ್ಯ ವಿಜ್ಞಾನದಲ್ಲೂ ಇದನ್ನು ಹೋಲುವ ಕಲ್ಪನೆಯಿತ್ತು. ಜರ್ಮನಿಯ ಮ್ಯಾಕ್ಸ್ ರುಬ್ನರ್ 1908ರಲ್ಲಿ ಚಯಾಪಚಯದ ವೇಗಕ್ಕೂ ಜೀವಿತಾವಧಿಗೂ ಸಂಬಂಧ ಕಲ್ಪಿಸಿದರು. ಅಮೆರಿಕದ ರೇಮಂಡ್ ಪರ್ಲ್ 1928ರಲ್ಲಿ ಅದನ್ನು ‘ಬದುಕುವ ವೇಗ’ದ ಸಿದ್ಧಾಂತವಾಗಿ ವಿಸ್ತರಿಸಿದರು.

ಈ ಸಿದ್ಧಾಂತವು ನಂತರದ ಅವಲೋಕನಗಳ ಮುಂದೆ ನಿಲ್ಲಲಿಲ್ಲ. ಪಕ್ಷಿಗಳ ಚಯಾಪಚಯ ಅದೇ ಗಾತ್ರದ ಸಸ್ತನಿಗಳಿಗಿಂತ ವೇಗವಾಗಿದ್ದರೂ ಅವು ಹೆಚ್ಚು ಕಾಲ ಬದುಕುತ್ತವೆ. ಏಳು ಗ್ರಾಂ ತೂಕದ ಬ್ರಾಂಟ್ ಬಾವಲಿಯೊಂದು 41 ವರ್ಷ ಬದುಕಿದುದು ದಾಖಲಾಗಿದೆ. ಅದಕ್ಕಿಂತ ದೊಡ್ಡದಾದ ಇಲಿ ಕೆಲವೇ ವರ್ಷ ಬದುಕುತ್ತದೆ. ವ್ಯಾಯಾಮದಲ್ಲಿ ಉಸಿರು ಬಹಳ ವೇಗವಾಗುತ್ತದೆ. ಆದರೂ ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಅಕಾಲ ಮರಣದ ಸಂಭವ ಕಡಿಮೆಯೆಂದು ಅನೇಕ ಅಧ್ಯಯನಗಳು ಹೇಳುತ್ತವೆ.

ಸರಳ ಗಣಿತವೂ ಈ ವಾದಕ್ಕೆ ಹೆಚ್ಚಿನ ಬಲ ಕೊಡುವುದಿಲ್ಲ. ದಿನಕ್ಕೆ ಅರ್ಧ ಗಂಟೆ ನಿಮಿಷಕ್ಕೆ 15ರ ಬದಲು 6ರಂತೆ ಉಸಿರಾಡಿದರೆ ಉಳಿಯುವುದು 270 ಉಸಿರು. ಅದು 21,600ರಲ್ಲಿ ಶೇಕಡಾ 1.25 ಮಾತ್ರ. ಉಸಿರಿನ ಪಾಲು ನಿಗದಿಯಾಗಿದೆ ಎಂದು ಒಪ್ಪಿಕೊಂಡರೂ ಇಡೀ ಬದುಕಿನ ಅಭ್ಯಾಸದಿಂದ ನೂರು ವರ್ಷಕ್ಕೆ ಒಂದೂಕಾಲು ವರ್ಷ ಸೇರುತ್ತದೆ. ಪ್ರಾಣಾಯಾಮದಿಂದ ಪ್ರಯೋಜನವಿದ್ದರೆ ಅದು ಉಳಿಸಿದ ಉಸಿರುಗಳ ಎಣಿಕೆಯಿಂದ ಬರುವಂಥದಲ್ಲ. ಅಭ್ಯಾಸವು ಉಳಿದ ಇಪ್ಪತ್ತಮೂರೂವರೆ ಗಂಟೆಗಳ ಮೇಲೆ ಬೀರುವ ಪ್ರಭಾವದಿಂದ ಬರಬೇಕು.

ಪರೋಕ್ಷ ಸಾಕ್ಷ್ಯ

ದೀರ್ಘಾಯುಷ್ಯದೊಂದಿಗಿನ ಸಂಬಂಧವನ್ನು ಬೆಂಬಲಿಸುವ ಸಾಕ್ಷ್ಯಗಳು ಪರೋಕ್ಷವಾದವು. ಹೃದಯಾಘಾತವಾಗಿ ಬದುಕುಳಿದ 1,284 ರೋಗಿಗಳನ್ನು ಅನುಸರಿಸಿದ, 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಬ್ಯಾರೋರಿಫ್ಲೆಕ್ಸಿನ ಸಂವೇದನೆ ಮತ್ತು ಹೃದಯಬಡಿತದ ಏರಿಳಿತ ಕಡಿಮೆಯಿದ್ದವರಲ್ಲಿ ಹೃದ್ರೋಗದ ಮರಣ ಹೆಚ್ಚಾಗಿತ್ತು. ಶ್ವಾಸಕೋಶದ ಸಾಮರ್ಥ್ಯ ಕಡಿಮೆಯಿರುವವರಲ್ಲಿ ಮರಣದ ಸಂಭವ ಹೆಚ್ಚೆಂಬುದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಿಂದ ತಿಳಿದುಬಂದಿದೆ. ರಾತ್ರಿ ನಿದ್ರೆಯಲ್ಲಿ ನಿಮಿಷಕ್ಕೆ 16 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವ ಹಿರಿಯರಲ್ಲಿ ಮರಣದ ಪ್ರಮಾಣ ಹೆಚ್ಚಿದ್ದುದನ್ನು 2019ರ ಅಧ್ಯಯನವೊಂದು ವರದಿ ಮಾಡಿತು.

ಇವುಗಳನ್ನು ಓದುವಾಗ ಕಾರಣ ಮತ್ತು ಲಕ್ಷಣಗಳ ವ್ಯತ್ಯಾಸವನ್ನು ಮರೆಯಬಾರದು. ವೇಗದ ಉಸಿರು ಹಲವು ಬಾರಿ ಒಳಗಿರುವ ರೋಗದ ಲಕ್ಷಣ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯದಂತೆ, ಉಸಿರನ್ನು ಬಲವಂತವಾಗಿ ತಗ್ಗಿಸಿದ ಮಾತ್ರಕ್ಕೆ ಆ ರೋಗ ವಾಸಿಯಾಗದು.

ಜೀವಕೋಶಗಳ ಮುಪ್ಪಿನ ಸೂಚಕಗಳ ಮೇಲೂ ಅಧ್ಯಯನಗಳಾಗಿವೆ. ದೆಹಲಿಯಲ್ಲಿ 96 ಮಂದಿ ಆರೋಗ್ಯವಂತರು 12 ವಾರಗಳ ಕಾಲ ಯೋಗ ಮತ್ತು ಧ್ಯಾನ ಆಧಾರಿತ ಜೀವನಶೈಲಿಯನ್ನು ಅನುಸರಿಸಿದಾಗ ಅಂತಹ ಕೆಲವು ಸೂಚಕಗಳು ಸುಧಾರಿಸಿದುದು 2017ರಲ್ಲಿ ಪ್ರಕಟವಾಯಿತು. ಆದರೆ ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ. ಆಸನ, ಪ್ರಾಣಾಯಾಮ, ಧ್ಯಾನಗಳೆಲ್ಲ ಒಟ್ಟಿಗೆ ಇದ್ದುದರಿಂದ ಉಸಿರಾಟದ ಪಾಲೆಷ್ಟೆಂದು ಬೇರ್ಪಡಿಸಿ ಹೇಳಲಾಗದು.

ದೀರ್ಘಾಯುಷಿಗಳಾದ ಯೋಗಗುರುಗಳು

ಪ್ರಾಣಾಯಾಮದ ಫಲಕ್ಕೆ ನಿದರ್ಶನವಾಗಿ ಕರ್ನಾಟಕದ ಕೆಲವು ಹೆಸರುಗಳನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು; 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಬರೆದರು; ನೂರು ವರ್ಷ ಬದುಕಿ 1989ರಲ್ಲಿ ನಿಧನರಾದರು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕ್ಷಯ ಮೊದಲಾದ ರೋಗಗಳಿಂದ ನರಳಿದವರು. ಪ್ರಾಣಾಯಾಮದ ಬಗ್ಗೆ 1981ರಲ್ಲಿ ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿದ ಅವರು 2014ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರು 93 ವರ್ಷ ಬದುಕಿದರು.

ಈ ಉದಾಹರಣೆಗಳು ಸ್ಫೂರ್ತಿದಾಯಕವಾದರೂ ಸಾಕ್ಷ್ಯವಾಗಲಾರವು. ನೆನಪಿನಲ್ಲಿ ಉಳಿಯುವುದು ದೀರ್ಘಕಾಲ ಬದುಕಿದವರ ಹೆಸರು. ಅದೇ ಅಭ್ಯಾಸ ಮಾಡಿ ಬೇಗ ತೀರಿಕೊಂಡವರನ್ನು ಯಾರೂ ಎಣಿಸಿರುವುದಿಲ್ಲ. ಪ್ರಾಣದ ತತ್ತ್ವವನ್ನು ವಿಸ್ತಾರವಾಗಿ ಚರ್ಚಿಸುವ ‘ರಾಜಯೋಗ’ವನ್ನು 1896ರಲ್ಲಿ ಪ್ರಕಟಿಸಿದ ಸ್ವಾಮಿ ವಿವೇಕಾನಂದರು 1902ರಲ್ಲಿ 39ನೆಯ ವಯಸ್ಸಿನಲ್ಲೇ ದೇಹವನ್ನು ಬಿಟ್ಟರು. ಮಿತಾಹಾರ, ದುಶ್ಚಟಗಳಿಲ್ಲದ ಜೀವನ, ನಿತ್ಯದ ದೇಹಶ್ರಮ, ವಂಶಗುಣ ಇವೆಲ್ಲವೂ ಯೋಗಗುರುಗಳ ಆಯುಷ್ಯದಲ್ಲಿ ಪಾಲು ಪಡೆದಿರುತ್ತವೆ.

ಮುನ್ನೆಚ್ಚರಿಕೆಗಳು

ಆರೋಗ್ಯವಂತರಿಗೆ ಕುಂಭಕವಿಲ್ಲದ ನಿಧಾನ ಉಸಿರಾಟವು ಸಾಮಾನ್ಯವಾಗಿ ಅಪಾಯವಿಲ್ಲದ ಅಭ್ಯಾಸ. ನಾಲ್ಕು ಎಣಿಕೆಗೆ ಎಳೆದು ಆರು ಎಣಿಕೆಗೆ ಬಿಟ್ಟರೆ, ಎಣಿಕೆಯು ಸೆಕೆಂಡಿನಷ್ಟಿದ್ದಲ್ಲಿ, ನಿಮಿಷಕ್ಕೆ 6 ಉಸಿರಾಗುತ್ತದೆ. ಆರಂಭದಲ್ಲಿ ಐದು ನಿಮಿಷ ಸಾಕು. ಉಸಿರು ಕಟ್ಟಿದಂತಾದರೆ, ತಲೆ ಸುತ್ತಿದರೆ ಅಥವಾ ಎದೆ ಬಿಗಿದರೆ ಅಭ್ಯಾಸವನ್ನು ನಿಲ್ಲಿಸಿ ಸಹಜ ಉಸಿರಾಟಕ್ಕೆ ಮರಳಬೇಕು.

ಅಧಿಕ ರಕ್ತದೊತ್ತಡ, ಹೃದ್ರೋಗ ಅಥವಾ ಮೂರ್ಛೆರೋಗ ಇರುವವರು ಹಾಗೂ ಗರ್ಭಿಣಿಯರು ದೀರ್ಘ ಕುಂಭಕವನ್ನೂ ವೇಗದ ಉಸಿರಾಟದ ಕ್ರಿಯೆಗಳನ್ನೂ ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ಕಪಾಲಭಾತಿಯನ್ನು ಅತಿಯಾಗಿ ಮಾಡಿದ ವ್ಯಕ್ತಿಯೊಬ್ಬರಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿದ ಪ್ರಕರಣ 2004ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಉಬ್ಬಸದ ರೋಗಿಗಳು ಅಭ್ಯಾಸದ ವೇಳೆ ತಮ್ಮ ಇನ್‌ಹೇಲರನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಅಭ್ಯಾಸದಲ್ಲಲ್ಲ, ಅದರ ಮೇಲಿಡುವ ಅತಿನಂಬಿಕೆಯಲ್ಲಿ. ಪ್ರಾಣಾಯಾಮದಿಂದ ಆಯುಷ್ಯ ಹೆಚ್ಚುತ್ತದೆಂದು ನಂಬಿ ರಕ್ತದೊತ್ತಡದ ಅಥವಾ ಮಧುಮೇಹದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದರಿಂದ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡಗಳ ಹಾನಿ ಸಂಭವಿಸಬಹುದು. ಅಧಿಕ ರಕ್ತದೊತ್ತಡವು ಬಹುಪಾಲು ಯಾವ ನೋವನ್ನೂ ಕೊಡದೆ ಇರುವುದರಿಂದ, ಅಭ್ಯಾಸದ ನಂತರ ಹಾಯೆನಿಸಿತು ಎಂಬುದು ಒತ್ತಡ ಇಳಿದಿದೆ ಎಂಬುದಕ್ಕೆ ಪ್ರಮಾಣವಲ್ಲ. ಅದನ್ನು ಉಪಕರಣದಿಂದ ಅಳೆದೇ ತಿಳಿಯಬೇಕು. ಔಷಧದ ಪ್ರಮಾಣವನ್ನು ತಗ್ಗಿಸುವ ನಿರ್ಧಾರ ವೈದ್ಯರದು. ನಿಧಾನ ಉಸಿರಾಟವು ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.